ಇನ್ಸ್‌ಪೆಕ್ಟರ್ ನುಂಗಿದ ಸೂಜಿ

ಅಕ್ಟೋಬರ್ 22, ಬುಧವಾರ

ನಾದಿನಿ ಬಂದು ಇವತ್ತಿಗೆ ಎರಡು ತಿಂಗಳು. ಗಂಡನ ಮನೆ ಬಿಟ್ಟು ಬಂದವಳು ಬಾಗಿಲಲ್ಲೇ ನಿಂತು "ಒಂದು ವಾರ ಇರ್ತೀನಿ ಅತ್ತಿಗೆ" ಅಂದಿದ್ದಳು. ಯಾವ ಕ್ಯಾಲೆಂಡರಿನ ವಾರವೋ ಗೊತ್ತಿಲ್ಲ. ತಂದದ್ದು ಒಂದಷ್ಟು ಬಟ್ಟೆ, ಒಂದು ಮುದಿ ಬೆಕ್ಕು. ಬೆಕ್ಕು ಬಂದ ದಿನವೇ ನನ್ನ ಹೊಲಿಗೆ ಕೋಣೆಯ ಕಿಟಕಿಯನ್ನು ತನ್ನದು ಮಾಡಿಕೊಂಡಿತು. ಅಲ್ಲಿ ಕೂತು ನಾನು ಹಾಕುವ ಪ್ರತಿಯೊಂದು ಹೊಲಿಗೆಯನ್ನೂ ತಪಾಸಣೆ ಮಾಡುತ್ತದೆ. ಅವಳು ಅದನ್ನು ಏನೋ ಮುದ್ದು ಹೆಸರಿನಿಂದ ಕರೆಯುತ್ತಿದ್ದಳು. ನಾನು ಇನ್ಸ್‌ಪೆಕ್ಟರ್ ಅಂದೆ. ಅದೇ ಅಂಟಿಕೊಂಡಿತು.

ಮನೆಯವರು ಲಾರಿ ಹತ್ತಿ ಹೋದರೆ ಬರುವುದು ಮೂರು ವಾರಕ್ಕೆ. ಹೋಗುವಾಗ "ತಂಗಿ ನೊಂದಿದಾಳೆ, ಸ್ವಲ್ಪ ನೋಡ್ಕೋ" ಅಂದರು. ನೋಡಿಕೊಳ್ಳುತ್ತಲೇ ಇದ್ದೇನೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದೇನೆ.

ಸುಮ್ಮನೆ ಕೂರಬಾರದೆಂದು ಬೆಳಿಗ್ಗೆ ಸೂಜಿಗಳಿಗೆ ದಾರ ಪೋಣಿಸುವ ಕೆಲಸವನ್ನು ಅವಳಿಗೆ ಕೊಟ್ಟಿದ್ದೇನೆ. ಕೈಹೊಲಿಗೆಗೆ ಹನ್ನೆರಡು ಸೂಜಿ. ಹನ್ನೆರಡಕ್ಕೂ ಬೆಳಿಗ್ಗೆಯೇ ಉದ್ದ ದಾರ ಹಾಕಿ ದಿಂಬಿಗೆ ಚುಚ್ಚಿಟ್ಟರೆ ದಿನವಿಡೀ ನಿಲ್ಲಿಸದೆ ಹೊಲಿಯಬಹುದು. ಈಗಿನ ಸೂಜಿ ಕಂಪನಿಯವರು ಕಣ್ಣನ್ನು ಎಷ್ಟು ಸಣ್ಣ ಮಾಡಿದ್ದಾರೆಂದರೆ, ಅವಳು ಬರುವ ಮುಂಚೆ ನನ್ನ ಅರ್ಧ ಬೆಳಿಗ್ಗೆ ಅದರಲ್ಲೇ ಹೋಗುತ್ತಿತ್ತು. ಬಲ್ಬಿನ ಕಂಪನಿಯವರೂ ಅವರ ಜೊತೆ ಶಾಮೀಲಾಗಿರಬೇಕು. ಹೊಸ ಬಲ್ಬು ಹಾಕಿದರೂ ಕೋಣೆ ಮಂಕು.

ಅವಳು ಹನ್ನೆರಡನ್ನೂ ಐದು ನಿಮಿಷದಲ್ಲಿ ಪೋಣಿಸಿ ಮುಗಿಸುತ್ತಾಳೆ. ಇಷ್ಟು ಚುರುಕಾದವಳನ್ನು ಗಂಡ ಯಾಕೆ ಬಿಟ್ಟ, ಅಥವಾ ಅವಳು ಅವನನ್ನು ಯಾಕೆ ಬಿಟ್ಟಳು? ಕೇಳಿದರೆ "ಸಾಕಾಯ್ತು ಅತ್ತಿಗೆ" ಅನ್ನುತ್ತಾಳೆ. ಅದು ಉತ್ತರವೇ?

ಅಕ್ಟೋಬರ್ 29, ಬುಧವಾರ

ಏನೋ ನಡೆಯುತ್ತಿದೆ.

ನಾನು ಮಷಿನ್ ತುಳಿಯುವ ಸದ್ದು ಶುರುವಾದರೆ ಸಾಕು, ನಾದಿನಿ ಹಿತ್ತಲಿಗೆ ಹೋಗಿ ಫೋನಿನಲ್ಲಿ ಪಿಸುಗುಟ್ಟುತ್ತಾಳೆ. ಇವತ್ತು ಮಷಿನ್ ಚಕ್ರವನ್ನು ಬರಿದೇ ತಿರುಗಿಸುತ್ತಾ ಕಿವಿ ನೆಟ್ಟಗೆ ಮಾಡಿ ಕೇಳಿದೆ. "ಕಿಟಕಿ ಇದ್ರೆ ಸಾಕು" ಅಂದಳು. "ನನ್ನ ಕೆಲಸ ನಾನೇ ಮಾಡ್ಕೋತೀನಿ" ಅಂದಳು. "ಅತ್ತಿಗೆಗೆ ಇನ್ನೂ ಹೇಳಿಲ್ಲ" ಅಂದಳು. ಈ ಮೂರನ್ನೂ ಸೇರಿಸಿ ಹೊಲಿದರೆ ಏನಾಗುತ್ತದೆ? ಒಂದು ಹೊಲಿಗೆ ಅಂಗಡಿ ಆಗುತ್ತದೆ.

ಸಂಜೆ ಬೀದಿಯ ತಿರುವಿನಲ್ಲಿ ಬೂದು ಕೋಟಿನ ಒಬ್ಬ ಹೆಂಗಸಿನ ಜೊತೆ ನಿಂತು ಮಾತಾಡುತ್ತಿದ್ದಳು. ಕೇಳಿದೆ. "ಪರಿಚಯದೋರು" ಅಂದಳು. ಎರಡು ತಿಂಗಳಲ್ಲಿ ಯಾವ ಪರಿಚಯ? ನನ್ನ ಗಿರಾಕಿಗಳನ್ನೆಲ್ಲ ಇವಳು ಹೆಸರು ಹಿಡಿದು ಮಾತಾಡಿಸುವುದನ್ನು ನಾನು ಗಮನಿಸಿದ್ದೇನೆ. ಅವರೂ ನನ್ನನ್ನು ಬಿಟ್ಟು ಇವಳ ಜೊತೆಯೇ ನಗುತ್ತಾರೆ.

ಶಾಲೆಯ ಚಳಿಗಾಲದ ಕೋಟುಗಳು ಸೋಮವಾರ ಹೋಗಬೇಕು. ಮೂವತ್ತಾರು. ಚಿಕ್ಕ ಮಕ್ಕಳವು, ಒಳಗೆ ಬೆಚ್ಚನೆಯ ಅಸ್ತರಿ ಬಟ್ಟೆ. ಹನ್ನೊಂದು ವರ್ಷದಿಂದ ಆ ಶಾಲೆಯ ಬಟ್ಟೆ ನಮ್ಮ ಮನೆಯದೇ. ಅದನ್ನಂತೂ ಯಾರೂ ಮುಟ್ಟುವ ಹಾಗಿಲ್ಲ.

ನವೆಂಬರ್ 3, ಸೋಮವಾರ

ಸೂಜಿ ಹನ್ನೊಂದೇ ಇವೆ.

ನನಗೆ ಕೆಲಸ ಕಲಿಸಿದ ಮೇಷ್ಟ್ರು ಮೊದಲ ದಿನವೇ ಹೇಳಿದ್ದು ಇದು: ಸೂಜಿ ಎಣಿಸದೆ ಬಟ್ಟೆ ಹೊಸ್ತಿಲು ದಾಟಬಾರದು. ಒಂದು ಸೂಜಿಗಾಗಿ ಅವರು ಎಂಬತ್ತು ಅಂಗಿಯ ಹೊಲಿಗೆ ಬಿಚ್ಚಿಸಿದ್ದನ್ನು ನೋಡಿದ್ದೇನೆ. ಇಪ್ಪತ್ತೆರಡು ವರ್ಷ ಅದನ್ನು ತಪ್ಪಿಸಿಲ್ಲ. ಇವತ್ತು ಶಾಲೆಯ ವ್ಯಾನಿನವನು ನಾಲ್ಕಕ್ಕೇ ಬಂದು ಹಾರ್ನ್ ಬಾರಿಸಿ ಬಾರಿಸಿ ಬೀದಿಯನ್ನೇ ತಲೆ ಮೇಲೆ ಹೊತ್ತುಕೊಂಡ. ಕೋಟುಗಳು ಹೋದ ಮೇಲೆ ಎಣಿಸಿದೆ. ಹನ್ನೊಂದು. ಕಡುನೀಲಿ ದಾರದ್ದು ಒಂದು ಇಲ್ಲ.

ನೆಲಕ್ಕೆ ಅಯಸ್ಕಾಂತ ಎಳೆದೆ. ಮಷಿನಿನ ಕೆಳಗೆ, ಇಸ್ತ್ರಿ ಮೇಜಿನ ಕೆಳಗೆ, ನನ್ನ ಸೆರಗಿಗೆ, ನಾದಿನಿಯ ಮಡಿಲಿಗೆ. ಎರಡು ಗುಂಡುಪಿನ್ನು ಸಿಕ್ಕವು. ಬೆಕ್ಕು ಕಿಟಕಿಯಲ್ಲಿ ಕೂತು ಬಾಯಿ ಚಪ್ಪರಿಸುತ್ತಿತ್ತು. ಅದರ ಬಾಯಿಂದ ಏನೋ ಕಪ್ಪಗೆ ನೇತಾಡಿದ ಹಾಗಾಯಿತು. ದಾರವಿರಬಹುದು. ನೆರಳೂ ಇರಬಹುದು.

ಕೋಟಿನಲ್ಲಿ ಹೋಗಿರಲಾರದು. ನನ್ನ ಕೈಯಿಂದ ಹಾಗೆಲ್ಲ ಆಗುವುದಿಲ್ಲ. ಸೂಜಿಯನ್ನು ನಾದಿನಿಯೇ ಎತ್ತಿಟ್ಟಿರಬಹುದು. ಅತ್ತಿಗೆಗೆ ಈಗ ಸೂಜಿ ಎಣಿಸಲೂ ಬರುವುದಿಲ್ಲ ಎಂದು ನಾಲ್ಕು ಜನಕ್ಕೆ ಹೇಳಿದರೆ ಅವಳಿಗೆ ಲಾಭವಿದೆ.

ಕೋಟುಗಳನ್ನು ಮಕ್ಕಳಿಗೆ ಕೊಡುವುದು ಶುಕ್ರವಾರ.

ನವೆಂಬರ್ 4, ಮಂಗಳವಾರ

ಬೆಕ್ಕು ಬೆಳಿಗ್ಗೆ ತಟ್ಟೆಯ ಹತ್ತಿರ ಹೋಗಿ ಮೂಸಿ ವಾಪಸು ಬಂತು. ಬಾಯಿಂದ ಜೊಲ್ಲು. ಮುಂಗಾಲಿನಿಂದ ಬಾಯಿಯನ್ನು ತಿಕ್ಕಿಕೊಳ್ಳುತ್ತದೆ, ಮುದುರಿಕೊಂಡು ಕೂರುತ್ತದೆ. ನನಗೆ ತಕ್ಷಣ ಗೊತ್ತಾಯಿತು.

"ಸೂಜಿ ನುಂಗಿದೆ," ಅಂದೆ.

ನಾದಿನಿಯ ಕೈಯಲ್ಲಿದ್ದ ಲೋಟ ಮೇಜಿಗೆ ಬಡಿಯಿತು. "ಹೇಗೆ ಗೊತ್ತು?"

"ನೆನ್ನೆ ಬಾಯಲ್ಲಿ ದಾರ ಇತ್ತು. ನಾನು ನೋಡಿದೆ."

ಹಾಗೆ ಹೇಳಿದ ಮೇಲೆ ನನಗೂ ಚೆನ್ನಾಗಿ ನೆನಪಾಯಿತು. ಕಡುನೀಲಿ ದಾರವೇ.

ಅವಳು ಪ್ರಾಣಿಗಳ ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರಮ್ಮ ಹೇಳಿದ್ದನ್ನು ನನ್ನ ಅಳತೆ ಪುಸ್ತಕದಲ್ಲೇ ಬರೆದುಕೊಂಡಳು, ಅದೂ ನನ್ನನ್ನು ಕೇಳದೆ. ದಾರ ಬಾಯಿಂದ ನೇತಾಡುತ್ತಿದ್ದರೂ ಎಳೆಯಬಾರದು, ಎಳೆದರೆ ಒಳಗೆ ಕರುಳು ಕೊಯ್ಯುತ್ತದೆ. ವಾಂತಿ ಮಾಡಿಸಬಾರದು. ಎಣ್ಣೆ ಕುಡಿಸಬಾರದು. ಯಾವಾಗ, ಏನು, ಎಷ್ಟು ಉದ್ದ ಎಂದು ಗುರುತು ಹಾಕಿಕೊಳ್ಳಬೇಕು. ಅದೇ ಥರದ ಸೂಜಿ ದಾರ ತರಬೇಕು. ಕೂಡಲೇ ಬರಬೇಕು.

ಬೆಕ್ಕನ್ನು ಬಟ್ಟೆಯ ಬುಟ್ಟಿಯಲ್ಲಿ ಹಾಕಿ, ಮೇಲೆ ನನ್ನ ಇಸ್ತ್ರಿ ಹೊದಿಕೆ ಕಟ್ಟಿ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಿದ್ದೆಗೆಟ್ಟ ಮುಖ. ಬಾಯಿ ತೆರೆಸಲು ಹೋದರೆ ಇನ್ಸ್‌ಪೆಕ್ಟರ್ ಅವರ ಹೆಬ್ಬೆರಳಿಗೆ ಬಾಯಿ ಹಾಕಿತು. ನಾಲಿಗೆಯ ಕೆಳಗೆ ದಾರ ಕಾಣಲಿಲ್ಲವಂತೆ, ಹಿಂದಕ್ಕೆ ನೋಡಲು ಬಿಡಲಿಲ್ಲ. ಎಕ್ಸ್‌ರೇ ಯಂತ್ರ ಕೆಟ್ಟಿದೆ, ರಿಪೇರಿಯವನು ಮುಂದಿನ ವಾರ ಬರುತ್ತಾನೆ. ಇದು ಮಾತ್ರ ನನಗೆ ಅನುಮಾನ. ಬೇಕಾದಾಗಲೇ ಯಂತ್ರಗಳು ಕೆಡುವುದು ಹೇಗೆ?

"ಎಕ್ಸ್‌ರೇ ಬೇಕೇ ಬೇಕು ಅಂದ್ರೆ ದೊಡ್ಡಾಸ್ಪತ್ರೆಗೆ ಹೋಗ್ಬೇಕು, ಒಂದಿಡೀ ದಿನದ ದಾರಿ," ಅಂದರು. "ಇದಕ್ಕೆ ವಯಸ್ಸಾಗಿದೆ, ಹೃದಯದ ಬಡಿತವೂ ಸರಿ ಇಲ್ಲ. ಅಲ್ಲೀತನಕ ತಡ್ಕೊಳ್ಳುತ್ತೋ ಇಲ್ವೋ. ನುಂಗಿದ್ದನ್ನ ಯಾರು ನೋಡಿದ್ದು?"

"ನಾನು," ಅಂದೆ.

"ದಾರ ನೋಡಿದ್ರಾ, ಸೂಜೀನೂ ನೋಡಿದ್ರಾ?"

ನಾದಿನಿ ನನ್ನ ಕಡೆ ತಿರುಗಿದಳು. "ಎರಡೂ," ಅಂದೆ.

ಕೆಲವು ಸಲ ತಾನೇ ಹೊರಗೆ ಹೋಗುತ್ತದಂತೆ. ಒಂದು ದಿನ ಕಾಯೋಣ, ಅದು ಕಕ್ಕಸು ಮಾಡುವ ಮಣ್ಣನ್ನು ಜರಡಿ ಹಿಡಿದು ನೋಡಿ ಅಂದರು.

ಇಲ್ಲಿ ಬರೆದರೆ ಯಾರೂ ಓದುವುದಿಲ್ಲ, ಬರೆಯುತ್ತೇನೆ. ಸೂಜಿ ಬೆಕ್ಕಿನ ಹೊಟ್ಟೆಯಲ್ಲಿದೆ ಎಂದು ಡಾಕ್ಟರಮ್ಮನೂ ಒಪ್ಪಿದಾಗ ನನಗೆ ಹಾಯೆನಿಸಿತು. ಮೂವತ್ತಾರು ಮಕ್ಕಳು ಬಚಾವು. ನಾನೂ ಬಚಾವು. ಬೆಕ್ಕಿಗೆ ಶಾಲೆಯವರು ಕೆಲಸ ಕೊಟ್ಟಿಲ್ಲ, ಅದಕ್ಕೆ ಕಳೆದುಕೊಳ್ಳುವುದು ಏನಿದೆ?

ನವೆಂಬರ್ 5, ಬುಧವಾರ

ಬೆಳಿಗ್ಗೆ ಹಿತ್ತಲಲ್ಲಿ ಹಳೆ ಪೇಪರು ಹಾಸಿ ನಾದಿನಿ ಬೆಕ್ಕಿನ ಮಣ್ಣನ್ನು ಜರಡಿ ಹಿಡಿದಳು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಯಸ್ಕಾಂತ ಆಡಿಸಿದೆ. ಇಪ್ಪತ್ತೆರಡು ವರ್ಷದ ಅನುಭವವಿರುವ ದರ್ಜಿ ಮಾಡುವ ಕೆಲಸವೇ ಇದು ಅಂದೆ. ಅವಳಿಗೆ ನಗು ಬಂತು, ತಡೆದುಕೊಂಡಳು. ಏನೂ ಸಿಗಲಿಲ್ಲ.

ಮನೆಯವರ ಫೋನು ಬಂತು. ಎಲ್ಲ ಕೇಳಿ, "ಒಂದು ಚಮಚ ಎಣ್ಣೆ ಕುಡಿಸಿ, ಜಾರ್ಕೊಂಡು ಹೋಗುತ್ತೆ" ಅಂದರು. ಎಣ್ಣೆ ಹಾಕಿ ಜಾರಿಸಲು ಅದೇನು ಲಾರಿಯ ಗೇರೇ? ಡಾಕ್ಟರಮ್ಮ ಬೇಡ ಅಂದಿದ್ದಾರೆ ಎಂದು ನಾನೇ ರೇಗಿದೆ.

ಬೆಕ್ಕು ಎರಡನೆಯ ದಿನವೂ ತಿನ್ನಲಿಲ್ಲ. ಮಧ್ಯಾಹ್ನ ಕಿಟಕಿಗೆ ಹತ್ತಲು ಆಗದೆ ನನ್ನ ಎಡಗಾಲಿನ ಮೇಲೆ ಬಂದು ಮಲಗಿತು. ಮಷಿನ್ ತುಳಿಯುವ ಕಾಲು ಅದು. ಮೂರು ಗಂಟೆಯ ತನಕ ತುಳಿಯಲಿಲ್ಲ. ಅಂಥ ಅವಸರದ ಕೆಲಸವೂ ಇರಲಿಲ್ಲ.

ಸಂಜೆ ಮತ್ತೆ ಡಾಕ್ಟರಮ್ಮ. ಹೊಟ್ಟೆ ಒತ್ತಿ ನೋಡಿದರು. ಇನ್ನು ಕಾಯುವುದು ಅಪಾಯ, ಸೂಜಿ ಕರುಳು ತೂತು ಮಾಡಿದರೆ ಮುಗಿಯಿತು, ನಾಳೆ ಹನ್ನೊಂದಕ್ಕೆ ಹೊಟ್ಟೆ ತೆರೆಯುತ್ತೇನೆ ಅಂದರು. "ಈ ವಯಸ್ಸಿಗೆ ಆಪರೇಷನ್ ಆದ್ಮೇಲೆ ಏಳುತ್ತೆ ಅಂತ ಮಾತು ಕೊಡೋಕಾಗಲ್ಲ. ಬರೀ ಅನುಮಾನ ಆಗಿದ್ರೆ ನಾನು ಕತ್ತಿ ಹಿಡೀತಿರಲಿಲ್ಲ. ನೋಡಿದೋರು ನೀವಿದ್ದೀರಲ್ಲ." ನಾದಿನಿ ಕಾಗದಕ್ಕೆ ಸಹಿ ಹಾಕಿದಳು. ಅವಳು ಹೊರಗೆ ಬಂದ ಮೇಲೂ ಡಾಕ್ಟರಮ್ಮ ಬಾಗಿಲಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದ ಹಾಗಿತ್ತು. ಅವರಿಗೆ ನನ್ನ ಮೇಲೆ ಯಾಕೆ ಗುಮಾನಿ?

ಮನೆಗೆ ಬಂದು ನಾದಿನಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದಳು. ತೊಳೆಯುವ ಪಾತ್ರೆ ಒಂದೂ ಇರಲಿಲ್ಲ.

ಆಗ ಒಂದು ಕೆಲಸ ಮಾಡಿದೆ. ಅದೇ ಕಡುನೀಲಿ ದಾರದ ಒಂದು ತುಂಡನ್ನು ಕಿಟಕಿಯ ಮೇಲೆ, ಬೆಕ್ಕು ಕೂರುವ ಜಾಗದಲ್ಲಿ ಇಟ್ಟೆ. ಬಂದು ನನ್ನ ಕುರ್ಚಿಯಲ್ಲಿ ಕೂತು ನೋಡಿದೆ. ಕಾಣಲಿಲ್ಲ. ದೀಪ ಹಾಕಿದೆ. ಕಾಣಲಿಲ್ಲ. ಕೆಂಪು ದಾರ ಇಟ್ಟೆ, ಬಿಳಿ ಇಟ್ಟೆ. ಇಲ್ಲ. ಕತ್ತರಿ ಇಟ್ಟೆ. ಕತ್ತರಿ ಕಂಡಿತು. ಇಟ್ಟದ್ದು ಗೊತ್ತಿದ್ದರಿಂದ ಕಂಡಿತು.

ನಾನು ಏನೂ ನೋಡಿಲ್ಲ.

ನವೆಂಬರ್ 6, ಗುರುವಾರ

ಬೆಳಿಗ್ಗೆ ಎದ್ದವಳೇ ನಾದಿನಿಯ ಹತ್ತಿರ ಹೋದೆ. ಅವಳು ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು.

"ನಾನು ನೋಡಿಲ್ಲ," ಅಂದೆ.

"ಏನನ್ನ?"

"ದಾರಾನ. ಸೂಜೀನ. ಯಾವುದನ್ನೂ ನೋಡಿಲ್ಲ. ನಂಗೆ ಅಷ್ಟು ದೂರ ಕಾಣಲ್ಲ."

ಕಿರುಚುತ್ತಾಳೆ ಅಂದುಕೊಂಡಿದ್ದೆ. ಅವಳು ಬೆಕ್ಕಿನ ಕಿವಿ ಸವರುತ್ತಾ "ಗೊತ್ತು ಅತ್ತಿಗೆ," ಅಂದಳು. "ನೀವು ಕೂತ್ಕೊಳೋ ಜಾಗದಿಂದ ನಿಮಗೆ ನನ್ನ ಮುಖಾನೇ ಕಾಣಲ್ಲ. ನಾನು ನಕ್ಕಾಗ್ಲೂ ನೀವು 'ಯಾಕೆ ಸಪ್ಪಗಿದೀಯ' ಅಂತ ಕೇಳ್ತೀರಿ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ನುಂಗಿದ್ರೂ ನುಂಗಿರಬಹುದು ಅಂತ. ಅಲ್ದೆ ನಿಮ್ಮ ಮನೇಲಿದ್ದು ನಿಮ್ಮ ಮಾತು ಸುಳ್ಳು ಅನ್ನೋದು ಹೇಗೆ? ಇವತ್ತು ಡಾಕ್ಟರ್‌ಗೆ ಹೇಳಿಬಿಡೋಣ, ಆಮೇಲೆ ಬಟ್ಟೆ ಕಟ್ಕೊಂಡು ಹೊರಡೋಣ ಅಂತಿದ್ದೆ."

ಎದೆಯಲ್ಲಿ ಏನೋ ಧಸಕ್ಕೆಂದಿತು. ಹಸಿದಿದ್ದೆ, ಅದಕ್ಕಿರಬಹುದು. "ಏಳು, ಶಾಲೆಗೆ ಹೋಗೋಣ," ಅಂದೆ. "ಸೂಜಿ ಕೋಟಲ್ಲಿ ಸಿಕ್ರೆ ಇದರ ಹೊಟ್ಟೆ ಕೊಯ್ಯೋ ಹಾಗಿಲ್ಲ."

ಬೆಕ್ಕನ್ನು ಡಾಕ್ಟರಮ್ಮನ ಹತ್ತಿರ ಬಿಟ್ಟು, ಸೂಜಿ ಕೋಟಿನಲ್ಲಿ ಇದ್ದರೂ ಇರಬಹುದು, ನಾವು ಫೋನು ಮಾಡುವ ತನಕ ಕತ್ತಿ ಮುಟ್ಟಬೇಡಿ ಅಂದೆವು. ನೋಡಿಲ್ಲ ಅನ್ನುವುದು ಮಾತ್ರ ಆಗಲೂ ನನ್ನ ಬಾಯಿಂದ ಬರಲಿಲ್ಲ. "ಹನ್ನೊಂದೂವರೆ ತನಕ ಕಾಯ್ತೀನಿ, ಅದಕ್ಕಿಂತ ಹೆಚ್ಚು ಆಗಲ್ಲ," ಅಂದರು.

ಶಾಲೆಯ ಸಾಮಾನು ಕೋಣೆಯಲ್ಲಿ ಮುರಿದ ಬೆಂಚುಗಳ ಪಕ್ಕ ಕೋಟುಗಳ ಮೂರು ಗಂಟು. ಬೆಕ್ಕಿನ ಕಥೆ ಕೇಳಿ ಹೆಡ್‌ಮಿಸ್ಸು ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತರು, ಇಬ್ಬರು ಟೀಚರುಗಳೂ ಬಂದು ಸೇರಿಕೊಂಡರು. ನಾದಿನಿ ಕಣ್ಣಿನಿಂದ ನೋಡಿದಳು. ನಾನು ಬೆರಳಿನಿಂದ ನೋಡಿದೆ. ಅಂಚು, ತೋಳು, ಜೇಬು, ಗುಂಡಿಯ ಸಾಲು. ಅಯಸ್ಕಾಂತ ತಂದಿದ್ದೆ, ಆದರೆ ಹಿತ್ತಾಳೆಯಂತೆ ಹೊಳೆಯುವ ಆ ಗುಂಡಿಗಳು ಒಳಗೆ ಬರೀ ಕಬ್ಬಿಣ, ಪ್ರತಿಯೊಂದಕ್ಕೂ ಅದು ಹೋಗಿ ಅಂಟಿಕೊಂಡಿತು. ಅಂಗಡಿಯವನು ಹಿತ್ತಾಳೆ ಅಂತ ಹೇಳಿ ಕೊಟ್ಟದ್ದು. ಅವನನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ.

ಹದಿನೆಂಟು ಕೋಟು ಮುಗಿದಾಗ ಹತ್ತೂವರೆ. ಮೂವತ್ತಾರೂ ಮುಗಿದಾಗ ಹನ್ನೊಂದು ಕಳೆದಿತ್ತು. ಸಿಗಲಿಲ್ಲ.

"ಹಾಗಾದ್ರೆ ಬೆಕ್ಕೇ," ಅಂದರು ಹೆಡ್‌ಮಿಸ್ಸು, ನಿರಾಳವಾಗಿ.

ಸೋಮವಾರ ಇದೇ ಮಾತನ್ನು ಯಾರಾದರೂ ಹೇಳಿದ್ದರೆ ಅವರ ಕೈ ಹಿಡಿದುಕೊಳ್ಳುತ್ತಿದ್ದೆ. ಇವತ್ತು ಸಿಟ್ಟು ಬಂತು. ನಾದಿನಿ ಫೋನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು. "ಇರು," ಅಂದೆ.

ಬೆಂಚಿನ ಮೇಲೆ ಕೂತು ಒಂದು ಕೋಟನ್ನು ಮಡಿಲಿಗೆ ಎಳೆದುಕೊಂಡು ಕಣ್ಣು ಮುಚ್ಚಿದೆ. ಅಸ್ತರಿ ಹೊಲಿಯುವ ಹಾಗೆ ಬರಿಗೈಯಲ್ಲೇ ಹೊಲಿಯುತ್ತಾ ಹೋದೆ. ಬೆನ್ನಿನ ಅಂಚು ಮುಗಿಯಿತು. ಈಗ ಕೋಟನ್ನು ಒಳಗಿನಿಂದ ಹೊರಕ್ಕೆ ತಿರುಗಿಸಬೇಕು, ಎರಡೂ ಕೈ ಬೇಕು. ಬಲಗೈ ತಾನಾಗಿಯೇ ಮೇಲೆ ಹೋಯಿತು. ಕಾಲರಿನ ಕೆಳಗೆ, ದಪ್ಪ ಪಟ್ಟಿಯ ಒಳಗೆ, ಇಲ್ಲದ ಸೂಜಿಯನ್ನು ಸಿಕ್ಕಿಸಿ ಕೆಳಗೆ ಬಂತು. ಇಪ್ಪತ್ತೆರಡು ವರ್ಷದಿಂದ ನನ್ನ ಕೈ ಹೀಗೆ ಮಾಡುತ್ತಿದೆ ಎನ್ನುವುದು ನನಗೇ ತಿಳಿದಿರಲಿಲ್ಲ. ತಿರುಗಿಸಿದ ಮೇಲೆ ಸೂಜಿಯ ತಲೆ ಕಂಡು ಮತ್ತೆ ಕಿತ್ತುಕೊಳ್ಳುತ್ತಿದ್ದೆ. ಈಗ ಕಾಣುವುದು ನಿಂತು ಎಷ್ಟು ದಿನವಾಯಿತೋ.

"ಕಾಲರ್ ಕೆಳಗೆ," ಅಂದೆ. "ಪಟ್ಟಿ ಒಳಗೆ. ಒತ್ತಿ ನೋಡು."

ಎಲ್ಲರೂ ಕೈ ಹಾಕಿದರು, ಟೀಚರುಗಳೂ. ಒಂಬತ್ತನೆಯದೋ ಹತ್ತನೆಯದೋ ನನ್ನ ಕೈಗೆ ಬಂತು. ಒತ್ತಿದಾಗ ಹೆಬ್ಬೆರಳಿಗೆ ಚುರ್ರೆಂದಿತು. ಮಗುವಿನ ಕತ್ತಿಗೆ ತಾಗುವ ಜಾಗ. ರಕ್ತ ಬಂತು. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

"ಸಿಕ್ತು. ಫೋನ್ ಮಾಡು, ಇನ್ಸ್‌ಪೆಕ್ಟರ್‌ನ ಮುಟ್ಟಬೇಡಿ ಅನ್ನು."

ನಾದಿನಿ ಫೋನು ಮಾಡಿದಳು. ಹೆಡ್‌ಮಿಸ್ಸಿಗೆ ಇನ್ಸ್‌ಪೆಕ್ಟರ್ ಯಾರು ಎಂದು ಅರ್ಥವಾಗಲಿಲ್ಲ, ಸೂಜಿ ಮಾತ್ರ ಅರ್ಥವಾಯಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು "ಇದು ಯಾರ ಕೈಯಿಂದ ಆಗಿದ್ದು?" ಅಂದರು.

"ನನ್ನಿಂದ," ಅಂದಳು ನಾದಿನಿ. "ಸೂಜಿ ನೋಡ್ಕೊಳೋದು ನನ್ನ ಕೆಲಸ."

ಇವಳಿಗೆ ಇದರಲ್ಲಿ ಏನು ಲಾಭ ಎಂದು ಒಂದು ಕ್ಷಣ ಯೋಚಿಸಿದೆ. ಏನೂ ಹೊಳೆಯಲಿಲ್ಲ.

"ಸುಳ್ಳು," ಅಂದೆ. "ನನ್ನಿಂದ ಆಗಿದ್ದು. ಎಣಿಸದೆ ಕಳಿಸ್ದೆ. ನಂಗೆ ಕಣ್ಣು ಕಾಣಿಸ್ತಿಲ್ಲ. ಒಂದು ವರ್ಷದಿಂದ ಕಾಣಿಸ್ತಿಲ್ಲ."

ನಾದಿನಿ ತನ್ನ ಕರವಸ್ತ್ರವನ್ನು ನನ್ನ ಹೆಬ್ಬೆರಳಿಗೆ ಸುತ್ತಿದಳು.

ಡಾಕ್ಟರಮ್ಮ ಕತ್ತಿ ಇಟ್ಟು, ಬೆಕ್ಕಿಗೆ ಕೊಂಚವೇ ಮಂಪರು ಕೊಟ್ಟು ಬಾಯಿ ತೆರೆದು ನೋಡಿದ್ದರು. ಹಿಂದಿನ ದವಡೆಯಲ್ಲಿ ಒಂದು ಹಲ್ಲು ಮುರಿದು ಕೀವು ಕಟ್ಟಿಕೊಂಡಿತ್ತು. ಕಿತ್ತರು. ಅದಕ್ಕೇ ತಿನ್ನುತ್ತಿರಲಿಲ್ಲ, ಜೊಲ್ಲು ಸುರಿಸುತ್ತಿತ್ತು. ನಾನು ಅವರ ಮುಂದೆ ನಿಂತು "ನಾನು ನೋಡಿರಲಿಲ್ಲ, ಸುಳ್ಳು ಹೇಳಿದೆ" ಅಂದೆ. ಅವರು "ಇನ್ನೊಂದ್ಸಲ ಹೀಗ್ಮಾಡಬೇಡಿ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ, ಅದರಿಂದಲೂ ಜೀವ ಉಳಿಯುತ್ತೆ," ಅಂದರು.

ಸಂಜೆ ಬೆಕ್ಕು ಅರ್ಧ ಬಟ್ಟಲು ಗಂಜಿ ನೆಕ್ಕಿತು. ನೆಕ್ಕುವುದನ್ನು ಇಬ್ಬರೂ ಕೂತು ನೋಡಿದೆವು.

ನವೆಂಬರ್ 8, ಶನಿವಾರ

ಮುಂದಿನ ವರ್ಷದಿಂದ ಬಟ್ಟೆ ಬೇರೆ ಕಡೆ ಹೊಲಿಸುತ್ತೇವೆ ಎಂದು ಶಾಲೆಯಿಂದ ಕಾಗದ ಬಂತು. ನಾದಿನಿ ಓದಿ ಹೇಳಿದಳು. ಓದುವಾಗ ಎರಡು ಸಾಲು ಬಿಟ್ಟಳು ಅನ್ನಿಸಿತು. ಕೇಳಲಿಲ್ಲ.

ಅವರ ತಪ್ಪೇನೂ ಇಲ್ಲ.

ನವೆಂಬರ್ 12, ಬುಧವಾರ

ಎರಡೂ ಕಣ್ಣಿಗೆ ಪೊರೆ. ತೆಗೆಸಿದರೆ ಮೊದಲಿನಂತೆ ಕಾಣುತ್ತದೆ ಅಂದರು ಕಣ್ಣಿನ ಡಾಕ್ಟರು. ಇಷ್ಟು ಸುಲಭವಾಗಿದ್ದರೆ ಆಸ್ಪತ್ರೆಗೆ ಅಷ್ಟು ದೊಡ್ಡ ಕಟ್ಟಡ ಯಾಕೆ? ಇನ್ನೊಬ್ಬರನ್ನು ಕೇಳಬೇಕು.

ರಸ್ತೆ ದಾಟುವಾಗ ನಾದಿನಿ ನನ್ನ ಮೊಣಕೈ ಹಿಡಿದಳು. ದಾಟಿದ ಮೇಲೂ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ, ಕಾಲುದಾರಿ ಸರಿ ಇರಲಿಲ್ಲ.

ದಾರಿಯಲ್ಲೇ ಎಲ್ಲ ಹೇಳಿದಳು. ಬೂದು ಕೋಟಿನ ಹೆಂಗಸು ಯಾವ ಅಂಗಡಿಯವಳೂ ಅಲ್ಲ, ನಾಲ್ಕು ಬೀದಿ ಆಚೆ ಒಂದು ಬಾಡಿಗೆ ಕೋಣೆಯ ಒಡತಿ. ಬೆಕ್ಕು ಕೂರಲು ಒಂದು ಕಿಟಕಿ ಇರುವ ಕೋಣೆ. "ನಿಮಗೆ ನಾನಿರೋದು ಕಷ್ಟ ಅಂತ ಗೊತ್ತು ಅತ್ತಿಗೆ. ಶನಿವಾರ ಹೊರಡ್ತೀನಿ. ನಿಮ್ಮ ಹತ್ರ ನನ್ನ ಬಗ್ಗೆ ವಿಚಾರಿಸ್ಬೇಕಂತೆ, ಶುಕ್ರವಾರ ಬರ್ತಾರೆ."

"ಒಳ್ಳೇದು," ಅಂದೆ.

ರಾತ್ರಿಯ ಅಡುಗೆಗೆ ಉಪ್ಪು ಎರಡು ಸಲ ಹಾಕಿದ್ದೆನಂತೆ.

ನವೆಂಬರ್ 14, ಶುಕ್ರವಾರ

ಬಾಡಿಗೆ ಕೋಣೆಯ ಒಡತಿ ಮಧ್ಯಾಹ್ನ ಬಂದಳು. ಬೂದು ಕೋಟು, ಮಡಿಲಲ್ಲಿ ಕೈಚೀಲ, ಎಲ್ಲದರ ಮೇಲೂ ಕಣ್ಣು. ಅನುಮಾನದ ಪ್ರಾಣಿ ಎಂದು ನೋಡಿದ ಕೂಡಲೇ ಗೊತ್ತಾಯಿತು, ಅಂಥವರನ್ನು ಕಂಡರೆ ನನಗೆ ಆಗುವುದಿಲ್ಲ. ನಾದಿನಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವಳ ಚೀಲ ಆಗಲೇ ಕಟ್ಟಿ ಕೋಣೆಯ ಮೂಲೆಯಲ್ಲಿ ನಿಂತಿತ್ತು.

"ನಿಮ್ಮ ನಾದಿನಿ ಹೇಗೆ?" ಅಂದಳು.

"ಚಿನ್ನದಂಥವಳು. ಚುರುಕು. ಸುಳ್ಳು ಹೇಳಲ್ಲ." ಶಾಲೆಯಲ್ಲಿ ಹೇಳಿದ್ದೊಂದು ಬಿಟ್ಟರೆ ಇದರಲ್ಲಿ ತಪ್ಪೇನೂ ಇರಲಿಲ್ಲ.

"ಬೆಕ್ಕು? ಗಲಾಟೆ ಗಿಲಾಟೆ ಏನಿಲ್ವಲ್ಲ?"

ಸ್ವಲ್ಪ ಯೋಚಿಸಿದೆ. "ಗಲಾಟೆ ಇಲ್ಲ. ನುಂಗುತ್ತೆ, ಅಷ್ಟೇ."

"ನುಂಗುತ್ತಾ?"

"ಸಿಕ್ಕಿದ್ದನ್ನೆಲ್ಲ. ಮೊನ್ನೆ ಸೂಜಿ ನುಂಗ್ತು, ದಾರದ ಸಮೇತ. ಅದಕ್ಕೆ ಮುಂಚೆ ಗುಂಡಿಗಳು. ನಾನು ಹೊಲಿಯುವಾಗ ಹಾಕ್ಕೊಳೋ ಒಂದು ಬೆರಳುಟೋಪಿ. ನಿಮ್ಮನೇಲಿ ಬೀಗದ ಕೈ ಎಲ್ಲಿ ಇಟ್ಕೋತೀರಿ?"

ಅವಳು ಕೈಚೀಲವನ್ನು ಇನ್ನಷ್ಟು ಗಟ್ಟಿ ಹಿಡಿದಳು. "ನೀವೇ ನೋಡಿದ್ರಾ?"

"ನೋಡದೆ ಹೇಳ್ತೀನಾ? ನಾನು ಇಲ್ಲೇ ಕೂತಿದ್ದೆ. ಅದು ಅಲ್ಲಿ, ಈಗ ಕೂತಿದೆಯಲ್ಲ, ಅದೇ ಜಾಗದಲ್ಲಿ ಕೂತು ನುಂಗ್ತು. ನೋಡಿ, ಈಗ್ಲೂ ನಿಮ್ಮ ಕೋಟಿನ ಗುಂಡೀನೇ ನೋಡ್ತಿದೆ."

ಅವಳು ಕಿಟಕಿಯ ಕಡೆ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಕಿಟಕಿ ನೋಡಿದಳು. ಆಮೇಲೆ ಎದ್ದು, ಕೋಣೆಯನ್ನು ಇನ್ನೊಬ್ಬರು ಕೇಳಿದ್ದಾರೆ, ಯೋಚನೆ ಮಾಡಿ ಹೇಳುತ್ತೇನೆ ಎಂದು ಸರಸರ ಹೊರಟುಹೋದಳು.

ತಿರುಗಿದರೆ ಹಿತ್ತಲ ಬಾಗಿಲಲ್ಲಿ ನಾದಿನಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅತ್ತಿಗೆ."

"ಏನು?"

"ಕಿಟಕಿ ಮೇಲೆ ಇರೋದು ನಿಮ್ಮ ಉಣ್ಣೆ ಶಾಲು. ಇನ್ಸ್‌ಪೆಕ್ಟರ್ ಇಲ್ಲಿ ನನ್ನ ಕಾಲ ಹತ್ರ ಇದೆ."

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಅಷ್ಟು ದೂರದಿಂದ ತಿಳಿಯಲಿಲ್ಲ, ಎದ್ದು ಹತ್ತಿರ ಹೋದೆ. ಎರಡೂ ಮಾಡುತ್ತಿದ್ದಳು.

"ಬಾಯಿ ಬಿಟ್ಟು ಹೇಳಬಹುದಿತ್ತಲ್ಲ," ಅಂದಳು.

"ಹೋಗಬೇಡ," ಅಂದೆ.

ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಒಳಗೆ ಹೋಗಿ ಚೀಲ ಬಿಚ್ಚಿದಳು. ನಾನು ಬಾಗಿಲಿಗೆ ಅಡ್ಡ ನಿಂತು, ಒಂದೊಂದೇ ಬಟ್ಟೆ ಕಪಾಟಿನೊಳಗೆ ಹೋಗುವುದನ್ನು ಕೊನೆಯ ತನಕ ನೋಡಿದೆ. ಕೊನೆಗೆ ಖಾಲಿ ಚೀಲವನ್ನು ಇಸಿದುಕೊಂಡು ಒಳಗೆ ಕೈ ಹಾಕಿಯೂ ನೋಡಿದೆ. ಇವಳನ್ನು ಪೂರ್ತಿ ನಂಬುವ ಹಾಗಿಲ್ಲ.